ಬುಡನಸಾಬರ ಇಬ್ಬರು ಸಾಕ್ಷಿಗಳು

ರಾಣೇಬೆನ್ನೂರಿನ ತಾಲೂಕು ಕಚೇರಿಯ ಎದುರು ನನ್ನದೊಂದು ಚಿಕ್ಕ ಅಂಗಡಿಯಿದೆ. ಝೆರಾಕ್ಸ್, ಟೈಪಿಂಗ್, ಎರಡು ಕಂಪ್ಯೂಟರಿನ ಇಂಟರ್ನೆಟ್. ಅಂಗಡಿಯ ಕಟ್ಟೆಯ ಮೇಲೆ ಬೇವಿನ ಮರಕ್ಕೆ ಬೆನ್ನು ಕೊಟ್ಟು ಬಾಂಡ್ ರೈಟರ್ ಬುಡನಸಾಬರು ಮೂವತ್ತೊಂದು ವರ್ಷ ಕೂತರು. ನಾನು ಅಂಗಡಿ ಹಾಕುವ ಮೊದಲೇ ಅವರು ಅಲ್ಲಿದ್ದರು. ಹೀಗಾಗಿ ಬಾಡಿಗೆ ಕಟ್ಟುವವಳು ನಾನಾದರೂ ಕಟ್ಟೆ ಅವರದು.

ಹೊಲದ ಖರೇದಿ ಪತ್ರ, ಅಣ್ಣತಮ್ಮಂದಿರ ವಾಟ್ನಿ ಪತ್ರ, ಮೃತ್ಯುಪತ್ರ, ಏನೇ ಇದ್ದರೂ ಅವರ ಕೈಬರಹವನ್ನು ವಕೀಲರು ನಿಂತು ಓದುತ್ತಿದ್ದರು. ಕಾಗದದ ಕೊನೆಗೆ ‘ಓದಿಸಿ ಕೇಳಿ ಒಪ್ಪಿ’ ಎಂಬ ಸಾಲು, ಅದರ ಕೆಳಗೆ ಇಬ್ಬರು ಸಾಕ್ಷಿಗಳ ರುಜು, ಎಲ್ಲಕ್ಕೂ ಕೆಳಗೆ ಬರೆದವರ ಗುರುತು, ‘ಬಿಕ್ಕಲಂ ಬುಡನಸಾಬ’. ಉಳಿದ ಬಾಂಡ್ ರೈಟರುಗಳಿಗೆ ಸಾಕ್ಷಿಗಳೆಂದರೆ ಚಹಾದಂಗಡಿಯಲ್ಲಿ ಖಾಲಿ ಕೂತವರು. ಒಂದು ಕಪ್ ಚಹಾ ಕುಡಿಸಿದರೆ ಯಾರ ಹೊಲಕ್ಕೆ ಬೇಕಾದರೂ ರುಜು ಹಾಕುವವರು. ಬುಡನಸಾಬರು ಅಂಥವರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹೊಲವನ್ನೂ ಹೊಲದ ಒಡೆಯನನ್ನೂ ಬಲ್ಲವನೇ ಸಾಕ್ಷಿಯಾಗಬೇಕು. ತಾವು ಬರೆದ ಒಂದು ಕಾಗದವೂ ಕೋರ್ಟಿನಲ್ಲಿ ಬಿದ್ದಿಲ್ಲ ಎಂದು ಅವರು ದಿನಾ ಹೇಳುತ್ತಿದ್ದರು. ದಿನಾ ಕೇಳುವವಳು ನಾನು.

ಕಾಗದ ಬರೆಸಲು ಬಂದವರು ಕಾಗದಕ್ಕೆ ಬೇಡವಾದದ್ದನ್ನೂ ಹೇಳಿಕೊಳ್ಳುತ್ತಾರೆ. ಅದನ್ನೆಲ್ಲ ಬುಡನಸಾಬರು ಉದ್ದನೆಯ ಪುಸ್ತಕವೊಂದರಲ್ಲಿ ಕಥೆ ಮಾಡಿ ಬರೆದಿಡುತ್ತಿದ್ದರು. ಪ್ರತಿ ಕಥೆ ಆ ಮನೆಯ ಚಕ್ಕುಬಂದಿಯಿಂದಲೇ ಶುರು: ಪೂರ್ವಕ್ಕೆ ಇಂಥವರ ಗೋಡೆ, ಪಶ್ಚಿಮಕ್ಕೆ ಊರ ಹಳ್ಳ. ಹನ್ನೊಂದು ವರ್ಷ ಪ್ರಕಾಶಕರಿಗೆ ಕಳಿಸಿದರು. ಒಬ್ಬರು ಮಾತ್ರ ಉತ್ತರ ಬರೆದಿದ್ದರು, ನಿಮ್ಮ ಹೆಸರನ್ನು ಯಾರೂ ಕೇಳಿಲ್ಲವಲ್ಲ ಎಂದು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಟೈಪಿಂಗು, ಕಂಪ್ಯೂಟರು ಎಲ್ಲ ತಪ್ಪು ಮಾಡಿ ಮಾಡಿಯೇ ಕಲಿತದ್ದು. ಎರಡು ಸಾವಿರದ ಏಳರಲ್ಲಿ ಭಾನುವಾರದ ಪೇಪರಿನಲ್ಲಿ ಬ್ಲಾಗ್ ಬಗ್ಗೆ ಓದಿ ಅವರಿಗೆ ಹೇಳಿದೆ: ಯಾರನ್ನೂ ಕೇಳಬೇಕಿಲ್ಲ, ಬರೆದು ಹಾಕಿದರೆ ಮುಗಿಯಿತು, ಎಲ್ಲಿಯವರಾದರೂ ಓದುತ್ತಾರೆ. ಅದಕ್ಕೆ ಛಾಪಾ ಕಾಗದ ಬೇಕೋ ಎಂದು ಕೇಳಿದರು. ಬೇಡ ಎಂದೆ. ಅಲ್ಲಿ ಸಾಹೇಬರು ಯಾರು ಎಂದರು. ಯಾರೂ ಇಲ್ಲ ಎಂದೆ.

“ಸಾಹೇಬರ ಇಲ್ಲದ ಕಚೇರಿ ಹೆಂಗ ನಡೀತೈತಿ, ಸುಶೀಲವ್ವ?” ಎಂದರು. ಇದನ್ನೇ ಮೂರು ತಿಂಗಳು ಕೇಳಿದರು.

ಕೊನೆಗೆ ಒಪ್ಪಿದರು. ಬ್ಲಾಗಿಗೆ ‘ಓದಿ ಕೇಳಿ ಒಪ್ಪಿ’ ಎಂದು ಹೆಸರಿಟ್ಟೆವು. ನಾನು ಮೊದಲ ಕಥೆ ಟೈಪು ಮಾಡಿ, ಇನ್ನು ಹಾಕೋಣವೇ ಎಂದಾಗ ಅವರು ಗಾಬರಿಯಾದರು. ಸಾಕ್ಷಿ ಎಲ್ಲಿ? ಕಥೆಗೆ ಸಾಕ್ಷಿ ಬೇಕಾಗಿಲ್ಲ ಕಾಕಾ ಎಂದರೆ, ಸುಳ್ಳಾಗಿದ್ದರೆ ಬೇಡ, ಇದು ಖರೇ ಎಂದರು. ಅಂದಿನಿಂದ ನಿಯಮವಾಯಿತು. ನಾನು ಟೈಪು ಮಾಡಿ ಪ್ರಿಂಟು ತೆಗೆದುಕೊಡಬೇಕು. ಅವರು ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಆ ಊರಿಗೆ ಹೋಗಿ, ಅಂದು ಅಲ್ಲಿದ್ದ ಇಬ್ಬರ ಮುಂದೆ ಓದಿ, ರುಜುವೋ ಹೆಬ್ಬೆಟ್ಟೋ ಹಾಕಿಸಿಕೊಂಡು ಬರಬೇಕು. ಯಾರ ಕಥೆಯೋ ಅವರೇ ಅದಕ್ಕೆ ಸಾಕ್ಷಿಯಾಗುವಂತಿಲ್ಲ, ಏಕೆಂದರೆ ಬರೆದುಕೊಡುವವನು ತನ್ನ ಕಾಗದಕ್ಕೆ ತಾನೇ ಸಾಕ್ಷಿಯಾಗುವುದಿಲ್ಲ. ಇಷ್ಟಾದ ಮೇಲೆ ಅವರೇ ಬಂದು ಗುಂಡಿ ಒತ್ತುತ್ತಿದ್ದರು, ಬಲಗೈ ಹೆಬ್ಬೆರಳಿನಿಂದ. ಬೇರೆ ಬೆರಳು ನಡೆಯುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸಿಟ್ಟು ಬಂದಾಗ ನಾನು ಮನಸ್ಸಿನಲ್ಲೇ ಓಂ ನಮಃ ಶಿವಾಯ ಎನ್ನುವವಳು. ಆ ಬ್ಲಾಗಿನ ದೆಸೆಯಿಂದ ನನ್ನ ಜಪ ಲಕ್ಷ ದಾಟಿರಬೇಕು.

ಆದರೆ ಓದುವವರು ಬಂದರು. ಮೊದಲು ಮೂವರು, ಆಮೇಲೆ ನಲವತ್ತು. ಬೆಂಗಳೂರಿನಿಂದ, ಪುಣೆಯಿಂದ, ಮಸ್ಕತ್ತಿನಿಂದ ಬರೆಯುತ್ತಿದ್ದರು. ಕಥೆಯ ಕೊನೆಗಿರುವ ಸಾಕ್ಷಿಗಳ ಹೆಸರೇ ಅವರಿಗೆ ಬಲು ಇಷ್ಟ. ಎಲ್ಲಕ್ಕಿಂತ ಹೆಚ್ಚು ಓಡಿದ್ದು ಐರಣಿಯ ಫಕ್ಕೀರವ್ವನ ಕಥೆ. ಹದಿನೇಳು ವರ್ಷದ ಹಿಂದಿನ ಒಂದು ಶ್ರಾವಣದಲ್ಲಿ ತುಂಗಭದ್ರೆ ದಂಡೆ ಮೀರಿ ಬಂದಿದ್ದಳು. ರಾಣೇಬೆನ್ನೂರಿನ ದಾರಿಯ ಹಳ್ಳ ತುಂಬಿ ಬಸ್ಸು ನಿಂತಿತ್ತು. ಸೈದಾಬಿ ಎಂಬ ತುಂಬು ಬಸುರಿಗೆ ಬೇನೆ ಎದ್ದಿತು. ಅಂಬಿಗರ ಫಕ್ಕೀರವ್ವ, ಗಂಡ ಊರಲ್ಲಿಲ್ಲದಾಗ, ಹರಿಗೋಲಿನಲ್ಲಿ ಅವಳನ್ನು ಕೂರಿಸಿಕೊಂಡು ಒಬ್ಬಳೇ ಹುಟ್ಟು ಹಾಕಿ ಹೊಳೆ ದಾಟಿಸಿ ಆಚೆ ದಂಡೆಯ ದವಾಖಾನೆ ಮುಟ್ಟಿಸಿದಳು. ಸಾಕ್ಷಿ: ಒಂದು, ಸೂಲಗಿತ್ತಿ ಹುಸೇನಬಿ. ಎರಡು, ಅಂಜಿನಪ್ಪ. ಅರವತ್ತೆಂಟು ಜನ ಅದರ ಕೆಳಗೆ ಬರೆದಿದ್ದರು. ಅತ್ತುಬಿಟ್ಟೆವು ಎಂದವರೇ ಇಪ್ಪತ್ತು.

ಎರಡು ಸಾವಿರದ ಒಂಬತ್ತರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಿಂದ ವಿಜಯಮಹಾಂತೇಶ ಎಂಬ ಪ್ರಕಾಶಕರ ಮೇಲ್ ಬಂತು. ಹದಿನಾರು ಕಥೆಗಳ ಪುಸ್ತಕ ಮಾಡುತ್ತೇನೆ, ಯುಗಾದಿಯೊಳಗೆ ಕೊಡಿ, ಫಕ್ಕೀರವ್ವನ ಕಥೆಯ ಹೆಸರೇ ಪುಸ್ತಕಕ್ಕಿರಲಿ ಎಂದು. ಹೊಸಬರ ಪುಸ್ತಕಕ್ಕೆ ನಾನು ಕೈ ಹಾಕುವವನಲ್ಲ, ಓದುವವರು ಆಗಲೇ ನಿಮ್ಮ ಬ್ಲಾಗಿನಲ್ಲಿ ಕಾಣುತ್ತಿದ್ದಾರೆ, ಅದಕ್ಕೇ ಧೈರ್ಯ ಎಂದೂ ಬರೆದಿದ್ದರು. ನಾನು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಹನ್ನೊಂದು ವರ್ಷ ಕಾದ ಮನುಷ್ಯ ಕುಣಿಯಬೇಕೋ ಬೇಡವೋ? ಬುಡನಸಾಬರು ಮೇಲನ್ನು ಎರಡು ಸಲ ಓದಿಸಿಕೊಂಡು, ಕನ್ನಡಕ ತೆಗೆದು ಒರೆಸಿ, “ಹೊಸ ಕಾಗದ ಅಂದ್ರ ಹೊಸ ರುಜು,” ಎಂದರು.

ಬ್ಲಾಗಿಗೆ ಹಾಕಿದ ರುಜು ಪುಸ್ತಕಕ್ಕೆ ನಡೆಯುವುದಿಲ್ಲವಂತೆ. ಅದೇ ಹೊಲವಾದರೂ ಖರೇದಿಯ ರುಜು ಅಡಮಾನಕ್ಕೆ ನಡೆಯುತ್ತದೆಯೇ ಎಂದು ನನ್ನನ್ನೇ ಕೇಳಿದರು. ಹದಿನಾರು ಕಥೆ, ಮೂವತ್ತೆರಡು ಸಾಕ್ಷಿಗಳು, ಹದಿಮೂರು ಊರು, ಯುಗಾದಿಗೆ ಐದು ವಾರ. ನಾನು ಹೇಳಿದೆ, ಬೈದೆ, ಒಂದು ದಿನ ಮಾತೇ ಬಿಟ್ಟೆ. ಅವರು ಬಸ್ಸಿನ ವೇಳೆ ಬರೆದುಕೊಳ್ಳುತ್ತ ಕೂತಿದ್ದರು.

ಬ್ಯಾಡಗಿಗೆ ಅವರ ಜೊತೆ ನಾನೂ ಹೋದೆ. ವರ್ಷದ ಖಾರಕ್ಕೆ ಮೆಣಸಿನಕಾಯಿ ತರುವುದಿತ್ತು. ಫಕ್ಕೀರವ್ವನ ಕಥೆಯ ಎರಡನೆಯ ಸಾಕ್ಷಿ ಅಂಜಿನಪ್ಪ ಅಲ್ಲಿಯ ಮಾರುಕಟ್ಟೆಯಲ್ಲಿ ಹಮಾಲಿ. ಹುಸೇನಬಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಹಾಗಾಗಿ ಈ ಕಥೆಗೆ ಇದ್ದವನು ಇವನೊಬ್ಬನೇ. ಚೀಲಗಳ ಸಾಲಿನ ನಡುವೆ, ನಾನು ಸೀರೆಯ ಸೆರಗು ಮೂಗಿಗೆ ಹಿಡಿದು ಕೆಮ್ಮುತ್ತ ನಿಂತಿರುವಾಗ, ಬುಡನಸಾಬರು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅಂಜಿನಪ್ಪ ಟಾವೆಲಿನಿಂದ ಬೆವರೊರೆಸಿಕೊಳ್ಳುತ್ತ ಹೂಂ, ಹೂಂ ಎಂದ. ರುಜು ಮಾಡಲು ಪೆನ್ನೂ ತೆಗೆದುಕೊಂಡ. ಆಗ ನಾನು, ಸುಮ್ಮನೆ ಮಾತಿಗೆಂದು, ಅಷ್ಟು ನೀರಿನಲ್ಲಿ ದಂಡೆಯ ಮೇಲೆ ನೀನು ಎಲ್ಲಿ ನಿಂತಿದ್ದೆಯಪ್ಪಾ ಎಂದು ಕೇಳಿದೆ. ಕೇಳಬಾರದಿತ್ತು.

“ನಾ ಎಲ್ಲಿ ನಿಂತಿದ್ನಿ ಅಕ್ಕಾರ? ಆ ವಾರ ನಾ ಇಲ್ಲೇ ಬ್ಯಾಡಗ್ಯಾಗ ಚೀಲಾ ಹೊರಾಕತ್ತಿದ್ನಿ,” ಎಂದ.

ಮತ್ತೆ ಸಾಕ್ಷಿ ಹೇಗೆ ಹಾಕಿದೆಯೋ ಎಂದು ಬುಡನಸಾಬರು ಕೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅಂಜಿನಪ್ಪನಿಗೆ ನಾಚಿಕೆಯೇನೂ ಆಗಲಿಲ್ಲ. ಊರವರೆಲ್ಲ ಹೇಳುವ ಮಾತೇ ಅದು, ನೀವು ಅಷ್ಟು ದೂರ ಬಂದು ಕೇಳಿದಿರಿ, ನಿಮ್ಮ ಮಾತಿಗೆ ಇಲ್ಲ ಅನ್ನುವುದು ಹೇಗೆ ಎಂದ. ಈಗಲೂ ಹಾಕುತ್ತೇನೆ, ಎಲ್ಲಿ ಹಾಕಲಿ ಎಂದು ಕಾಗದ ತಿರುವಿದ. ಬುಡನಸಾಬರು ಅವನ ಕೈಯಿಂದ ಪೆನ್ನು ತೆಗೆದುಕೊಂಡು ಕ್ಯಾಪು ಹಾಕಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸಮಾಧಾನ ಹೇಳಿದೆ. ಊರೆಲ್ಲ ಹೇಳುವುದು ಸುಳ್ಳಿರುತ್ತದೆಯೇ, ಸಾಕ್ಷಿಯ ಸಾಲು ತೆಗೆದು ಕಥೆ ಕೊಟ್ಟುಬಿಡಿ ಎಂದೆ.  ಮಾರನೆಯ ದಿನ ಬೆಳಿಗ್ಗೆ ನಾನು ಅಂಗಡಿ ತೆರೆಯುವ ಮೊದಲೇ ಅವರು ಕಟ್ಟೆಯ ಮೇಲಿದ್ದರು. ಕೈಯಲ್ಲಿ ಒಂದು ಹಾಳೆ. ಅದರ ಮೇಲೆ ‘ತಿದ್ದುಪಡಿ ಪತ್ರ’ ಎಂದು ಬರೆದಿತ್ತು. ಸದರಿ ಕಥೆಯ ಎರಡನೆಯ ಸಾಕ್ಷಿಯು ಸದರಿ ದಿನ ಸದರಿ ಸ್ಥಳದಲ್ಲಿ ಹಾಜರಿರಲಿಲ್ಲವೆಂದು ತಿಳಿದುಬಂದಿರುವುದರಿಂದ, ಅಂದು ಹಾಜರಿದ್ದವರು ಯಾರಾದರೂ ಇದ್ದಲ್ಲಿ ತಿಳಿಸತಕ್ಕದ್ದು. ಅದನ್ನು ಬ್ಲಾಗಿಗೆ ಹಾಕಬೇಕಂತೆ. ನಾನು ಹಣೆ ಬಡಿದುಕೊಂಡೆ. ಅವರು ಹೆಬ್ಬೆರಳು ಒತ್ತಿದರು.

ಮಧ್ಯಾಹ್ನದೊಳಗೆ ಹುಬ್ಬಳ್ಳಿಯಿಂದ ಫೋನು. ಅಂಗಡಿ ಇಟ್ಟುಕೊಂಡು ಸರಕು ಹುಳಿ ಎಂದು ಕೂಗುವವರನ್ನು ಇದೇ ಮೊದಲು ನೋಡಿದೆ ಎಂದು ವಿಜಯಮಹಾಂತೇಶ ನನಗೆ ಹೇಳಿದರು. ನನಗೂ ಹಾಗೇ ಅನಿಸಿತ್ತು. ಆದರೆ ಅವರ ಬಾಯಿಂದ ಕೇಳಿದಾಗ ಒಪ್ಪಲು ಮನಸ್ಸಾಗಲಿಲ್ಲ.

ನಾಲ್ಕನೆಯ ದಿನ ತಿದ್ದುಪಡಿಯ ಕೆಳಗೆ ಒಂದು ಪತ್ರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಬರೆದವಳು ಹೀನಾ, ಹಾವೇರಿಯ ಒಂದು ದವಾಖಾನೆಯಲ್ಲಿ ನರ್ಸು. ನಾನು ಸೈದಾಬಿಯ ಹಿರಿಯ ಮಗಳು, ಆಗ ಏಳು ವರ್ಷದವಳು, ಅಮ್ಮೀಯ ಸೀರೆ ಬಿಡಲಿಲ್ಲವೆಂದು ನನ್ನನ್ನೂ ಹರಿಗೋಲಿನಲ್ಲಿ ಹಾಕಿಕೊಂಡಿದ್ದರು ಎಂದಿದ್ದಳು. ಕೊನೆಗೊಂದು ಸಾಲು: ಅಂದು ಹೊಳೆಯನ್ನು ಯಾರೂ ದಾಟಲಿಲ್ಲ.

ಐರಣಿಗೆ ಹೋದೆವು. ಫಕ್ಕೀರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ಕೂರಿಸಿ ನೀರು ಬೆಲ್ಲ ಕೊಟ್ಟಳು. ಬುಡನಸಾಬರು ಪ್ರಿಂಟು ತೆಗೆದು ಮತ್ತೆ ಓದತೊಡಗಿದರು. ಅವರ ಓದು ಹೇಗಿರುತ್ತಿತ್ತೆಂದರೆ, ಒಂದೊಂದು ಸಾಲಿಗೂ ನಿಂತು, ಕನ್ನಡಕದ ಮೇಲಿನಿಂದ ನೋಡಿ, “ಇದು ಬರೋಬರಿ ಹೌದಲ್ಲ?” ಎನ್ನುವುದು. ಅವಳು ಗೋಣು ಹಾಕುತ್ತಲೇ ಇದ್ದಳು. ಒಬ್ಬಳೇ ಹುಟ್ಟು ಹಾಕಿದೆ, ಹೌದಲ್ಲ? ಹೌದು. ಆಚೆ ದಂಡೆ ಮುಟ್ಟಿದೆ, ಹೌದಲ್ಲ? ಹೌದು. ನನಗೆ ತಡೆಯಲಾಗಲಿಲ್ಲ. ಕಾಕಾ, ಸ್ವಲ್ಪ ಕಾಗದ ಮಡಚಿಡಿ ಎಂದು ಹೇಳಿ, ಜೋಳದ ಮೊರವನ್ನು ನನ್ನ ಕಡೆ ಎಳೆದುಕೊಂಡೆ. ಬಹಳ ಹೊತ್ತು ಇಬ್ಬರೂ ಕಲ್ಲು ಆರಿಸಿದೆವು. ಆಮೇಲೆ, ಆ ದಿನ ನಿನಗೆ ಭಯವಾಗಲಿಲ್ಲವೇನವ್ವಾ ಎಂದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ.

“ನಾ ಅಳಾಕತ್ತಿದ್ನೆವ್ವಾ,” ಎಂದಳು. “ನಡುನೀರಿನ್ಯಾಗ ಹರಿಗೋಲು ಗಿರಗಿರ ತಿರುಗಾಕ ಹತ್ತಿತು. ಹುಟ್ಟ ಕೈ ಬಿಡ್ತು. ಸೈದಾಬಿನ ನನಗ ಬೈದ್ಲು. ಅಷ್ಟ್ ಬ್ಯಾನಿಯೊಳಗ ಎದ್ದು ಕುಂತು, ದಂಡಿ ಹತ್ರ ಬಂದಾಗ ಗಿಡದ ಟೊಂಗಿ ಹಿಡದ್ಲು. ಬಿಡ್ಲಿಲ್ಲ. ಆಕಿ ಎಳೆದು ಹಚ್ಚಿದ್ಲು, ನಾ ಅಲ್ಲ.”

ಅವರು ಮುಟ್ಟಿದ್ದು ಆಚೆ ದಂಡೆಯನ್ನಲ್ಲ. ಒಂದೂವರೆ ಮೈಲಿ ಕೆಳಗೆ ಈಚೆ ದಂಡೆಯನ್ನೇ. ಕೂಸು ಅಲ್ಲೇ ಹೊಲದ ಬದುವಿನ ಮೇಲೆ ಹುಟ್ಟಿತು. ಊರವರು ದಾಟಿಸಿದಳು ದಾಟಿಸಿದಳು ಎಂದರು. ಇವಳು ಎರಡು ಮೂರು ಸಲ ಇಲ್ಲ ಎಂದಳು. ದೊಡ್ಡ ಗುಣ, ಹೇಳಿಕೊಳ್ಳುವುದಿಲ್ಲ ಎಂದರಂತೆ. ಆಮೇಲೆ ಬಿಟ್ಟುಬಿಟ್ಟಳು.

ನನ್ನ ಮುಂದೆ ಯಾಕೆ ಹೂಂ ಎಂದೆ ಎಂದು ಬುಡನಸಾಬರು ಕೇಳಿದರು. ಧ್ವನಿ ಗಡುಸಾಗಿತ್ತು. ಫಕ್ಕೀರವ್ವ ಮೊದಲ ಸಲ ಅವರ ಮುಖ ನೋಡಿದಳು.

“ನೀವ ಹೇಳಿದ್ರಲ್ರಿ ಸಾಹೇಬ್ರ. ನಮ್ಮ ಮೈದುನರ ವಾಟ್ನಿ ಹೊತ್ತಿನ್ಯಾಗ ಕಚೇರಿ ಬಾಗಲಾಗ ನಿಲ್ಲಿಸಿ ಹೇಳೀರಿ. ಕಾಗದಾ ಓದಿ ಕೇಳಿದಾಗ ಹೂಂ ಅನಬೇಕು, ನಡುವ ಬಾಯಿ ಹಾಕಿದ್ರ ಒಳಗಿನ ಸಾಹೇಬ್ರು ಕಾಗದಾ ಒಗೀತಾರ ಅಂತ. ಅದಕ್ಕ ಹೂಂ ಅಂದ್ನಿ.”

ಮೂವತ್ತೊಂದು ವರ್ಷ ತಾಲೂಕಿನ ಅರ್ಧ ಜನಕ್ಕೆ ಅವರು ಕಲಿಸಿದ್ದೇ ಅದು. ನಾನೂ ಎಷ್ಟೋ ಸಲ ಕಟ್ಟೆಯ ಮೇಲೆ ಕೇಳಿದ್ದೆ.  ಬಸ್ ಸ್ಟ್ಯಾಂಡಿಗೆ ಬಂದಾಗ ಅವರು, ಉಳಿದ ಹದಿನೈದು ಕಥೆ ಎಂದರು. ಅಷ್ಟೇ. ನನಗೆ ಅರ್ಥವಾಯಿತು, ಅಲ್ಲೂ ಜನ ಹೀಗೇ ಹೂಂ ಎಂದಿರಬಹುದು.  ಅವರ ಮೇಲೆ ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ.

ಮತ್ತೆ ಹದಿಮೂರು ಊರು ತಿರುಗಿದರು. ಈ ಸಲ ಓದಿ ಮುಗಿಸಿ, ಇದರಲ್ಲಿ ತಪ್ಪೇನಿದೆ ಹೇಳಿ ಎಂದು ಕೇಳುತ್ತಿದ್ದರು. ಜನ ಕಂಗಾಲಾದರು. ತಪ್ಪು ಹೇಳಿ ಎಂದರೆ ಏನೋ ಕೇಸಿರಬೇಕೆಂದು ಕೆಲವರು ಬಾಗಿಲು ಹಾಕಿಕೊಂಡರಂತೆ. ಕುಮಾರಪಟ್ಟಣದ ಫ್ಯಾಕ್ಟರಿಯ ವಾಚಮನ್ ಒಬ್ಬ, ನನ್ನ ಕಥೆಯೇ ಬೇಡ, ತೆಗೆದುಬಿಡಿ ಎಂದು ಕೈ ಮುಗಿದ. ಅದು ಹೋಯಿತು. ನಾಲ್ಕು ಕಥೆ ಬದಲಾದವು. ಯುಗಾದಿ ಬಂದು ಹೋಗಿ ಬಸವ ಜಯಂತಿಯೂ ಆಯಿತು. ನಾನು ಟೈಪು ಮಾಡಿದ್ದನ್ನೇ ಟೈಪು ಮಾಡುತ್ತಿದ್ದೆ. ವಿಜಯಮಹಾಂತೇಶರ ಫೋನು ಬಂದರೆ ಕರೆಂಟಿಲ್ಲ ಎನ್ನುತ್ತಿದ್ದೆ. ದೇವರು ಕ್ಷಮಿಸಲಿ, ಅರ್ಧ ಸಲವಾದರೂ ಅದು ನಿಜವೇ.

ಫಕ್ಕೀರವ್ವನ ಹೊಸ ಕಥೆಗೆ ಹೀನಾ ಒಂದು ಸಾಕ್ಷಿ. ಕೂಸನ್ನು ಎತ್ತಿಕೊಂಡ ಹೊಲದ ಆಳು ಎರಡನೆಯವನು. ಸೈದಾಬಿ ಈಗ ಹಾವೇರಿಯಲ್ಲಿ ಮಗಳ ಜೊತೆ ಇದ್ದವಳು, ಆ ತಿಂಗಳು ತಮ್ಮನ ಮನೆಗೆಂದು ಮೀರಜಿಗೆ ಹೋಗಿದ್ದಳು. ಹೀನಾ ಫೋನಿನಲ್ಲೇ ಓದಿ ಹೇಳಿ, ಅಮ್ಮೀ ಹೂಂ ಎಂದಳು ಎಂದು ತಿಳಿಸಿದಳು. ಮತ್ತೆ ಅದೇ ಹೂಂ ಬಂತಲ್ಲ ಎಂದರು ಬುಡನಸಾಬರು. ಮೀರಜಿಗೆ ಹೋಗಿ ಬರುತ್ತೇನೆ ಎಂದರು. ಈ ಸಲ ತಡೆದವಳು ನಾನು. ಮಗಳೇ ಓದಿದ್ದಾಳೆ, ತಾಯಿ ಒಪ್ಪಿದ್ದಾಳೆ, ಇನ್ನು ಒಂದು ದಿನ ತಡವಾದರೆ ಪುಸ್ತಕ ಹೋಯಿತೆಂದು ತಿಳಿಯಿರಿ, ಸಾಕು ಮಾಡಿ ಎಂದೆ. ನನ್ನ ಧ್ವನಿ ಏರಿತ್ತೆಂದು ಕಾಣುತ್ತದೆ. ಝೆರಾಕ್ಸಿಗೆ ಬಂದವರು ತಿರುಗಿ ನೋಡಿದರು. ಬುಡನಸಾಬರು ಆಯಿತವ್ವಾ ಎಂದು ಹೆಬ್ಬೆರಳು ಒತ್ತಿದರು.

ಓದುಗರಲ್ಲಿ ಹಲವರಿಗೆ ಅದು ಸೇರಲಿಲ್ಲ. ಮೊದಲಿನದೇ ಚೆನ್ನಾಗಿತ್ತು ಎಂದರು. ಅತ್ತಿದ್ದವರಿಗೆ ಮೋಸವಾದಂತೆ ಅನಿಸಿತ್ತು. ವಿಜಯಮಹಾಂತೇಶ ಹುಬ್ಬಳ್ಳಿಯಿಂದ ಖುದ್ದು ಬಂದರು. ಕಟ್ಟೆಯ ಮೇಲೆ ಕೂತು, ಹಳೆಯ ಕಥೆಯನ್ನೇ ಅಚ್ಚು ಹಾಕುತ್ತೇನೆ, ಹೊಳೆ ದಾಟದ ಹರಿಗೋಲಿನ ಪುಸ್ತಕವನ್ನು ಯಾರು ಕೊಳ್ಳುತ್ತಾರೆ, ಒಪ್ಪದಿದ್ದರೆ ಪುಸ್ತಕವೇ ಬೇಡ ಎಂದರು. ನಾನು ಒಳಗೆ ನಿಂತು ಬುಡನಸಾಬರು ಒಪ್ಪಲಿ ಎಂದು ಬೇಡಿಕೊಂಡೆ. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

“ಮೊದಲ ಆಗಿದ್ರ ನೀವು ಹೇಳಿದ್ದು ನಡೀತಿತ್ತು ಬಿಡ್ರಿ,” ಎಂದರು ಬುಡನಸಾಬರು. “ನನ್ನ ಆ ಉದ್ದನ ಪುಸ್ತಕದಾಗ ಬರದಿಟ್ಟಿದ್ದು ನಾ ಒಬ್ಬನ ನೋಡಿದ್ದು. ಈಗ ತಿದ್ದುಪಡಿ ಹಾಕಿದ್ದನ್ನ ಮಸ್ಕತ್ತಿನ ತನಕ ಓದ್ಯಾರ. ಅವರೆಲ್ಲಾ ಸಾಕ್ಷಿ ಅದಾರ. ನೀವು ಹಳೇದು ಅಚ್ಚು ಹಾಕಿದ್ರ ಸುಳ್ಳಾಗವರು ನಾ ಅಲ್ಲ, ನೀವು.”

 ವಿಜಯಮಹಾಂತೇಶ ಬ್ಲಾಗಿನ ಓದುಗರನ್ನು ನಂಬಿ ಪುಸ್ತಕಕ್ಕೆ ಕೈ ಹಾಕಿದವರು. ಅದೇ ಓದುಗರು ಈಗ ಅವರ ಕೈ ಕಟ್ಟಿದ್ದರು. ನೀವಿಬ್ಬರೂ ಸೇರಿ ನನ್ನ ಆಯುಷ್ಯ ಕಡಿಮೆ ಮಾಡಿದಿರಿ ಎಂದು ನನ್ನನ್ನೂ ಸೇರಿಸಿಯೇ ಬೈದರು. ಪುಸ್ತಕದ ಹೆಸರು ಬದಲಾಗಬೇಕು, ಪ್ರತಿಗಳ ಸಂಖ್ಯೆ ಅರ್ಧಕ್ಕಿಳಿಯಬೇಕು ಎಂದರು. ಬುಡನಸಾಬರು ಎರಡಕ್ಕೂ ಹೂಂ ಎಂದರು. ಖರೇ ಹೂಂ ಹೌದಲ್ಲ ಎಂದು ಪ್ರಕಾಶಕರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಎದ್ದರು.

ಶ್ರಾವಣದಲ್ಲಿ ಪುಸ್ತಕ ಬಂತು, ಹದಿನೈದು ಕಥೆಗಳದು. ಮೊದಲ ಪ್ರತಿಯನ್ನು ಐರಣಿಯಲ್ಲಿ ಫಕ್ಕೀರವ್ವನಿಗೆ ಕೊಟ್ಟು, ಎರಡನೆಯದನ್ನು ತೆಗೆದುಕೊಂಡು ಹಾವೇರಿಗೆ ಹೋದೆವು. ಸೈದಾಬಿ ಮೀರಜಿನಿಂದ ಬಂದಿದ್ದಳು. ಹೀನಾ ಡ್ಯೂಟಿ ಮುಗಿಸಿ ಬಂದು ಚಹಾ ಮಾಡಿದಳು. ಬುಡನಸಾಬರು ಕಥೆ ಓದಿ, ಪುಸ್ತಕ ಮುಚ್ಚಿ, ತಪ್ಪೇನಿದೆ ಎಂದು ಕೇಳಿದರು. ಸೈದಾಬಿ ಎಲ್ಲ ಬರೋಬರಿ ಇದೆ ಎಂದಳು. ಅವರು ನಂಬಲಿಲ್ಲ. ಮತ್ತೆ ಕೇಳಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಮುಚ್ಚಿಡಬೇಡವ್ವಾ ಎಂದರು. ಕಾಕಾ, ಆಕೆ ಒಪ್ಪಿದ್ದಾಳೆ, ಏಳಿ ಎಂದು ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಮೂರನೆಯ ಸಲಕ್ಕೆ ಸೈದಾಬಿಗೂ ಬೇಸರ ಬಂತು.

“ಅಷ್ಟ್ ಕೇಳಾಕತ್ತೀರಿ ಅಂತ ಹೇಳ್ತೀನ್ರಿ. ನಾ ಹಿಡದದ್ದು ಲಕ್ಕಿ ಗಿಡ ಅಂತ ಬರದೀರಿ. ಲಕ್ಕಿ ಅಲ್ರಿ, ಜಾಲಿ. ಫೋನಿನ್ಯಾಗ ಇದನ್ನೇನು ಹೇಳೂದು ಅಂತ ಬಿಟ್ಟಿದ್ನಿ,” ಎಂದು ಬಲಗೈ ಅಂಗೈ ಬಿಡಿಸಿ ತೋರಿಸಿದಳು. ನಡುವೆ ಮೂರು ಕಪ್ಪು ಚುಕ್ಕೆಗಳಿದ್ದವು. ಮುಳ್ಳು ಒಳಗೇ ಮುರಿದು ಉಳಿದದ್ದು.

ಪುಸ್ತಕದಲ್ಲಿ ಲಕ್ಕಿ ಎಂದು ಅಚ್ಚಾಗಿ ಹೋಗಿತ್ತು. ಮೀರಜಿಗೆ ಹೋಗುವುದು ಬೇಡ ಎಂದವಳು ನಾನು. ಬುಡನಸಾಬರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ಸರಿಮಾಡಿಕೊಂಡು, ಆ ಅಂಗೈಯನ್ನು ಬಹಳ ಹೊತ್ತು ನೋಡಿ, ಕಿಸೆಯಿಂದ ಪೆನ್ನು ತೆಗೆದು, ತಮ್ಮ ಹೊಸ ಪುಸ್ತಕದ ಎಪ್ಪತ್ತೆರಡನೆಯ ಪುಟದಲ್ಲಿ ಲಕ್ಕಿಯನ್ನು ಹೊಡೆದು ಜಾಲಿ ಎಂದು ಬರೆದರು. ಪಕ್ಕದಲ್ಲಿ ಚಿಕ್ಕದಾಗಿ ರುಜು ಹಾಕಿದರು. ನಾಳೆ ಇದನ್ನು ಬ್ಲಾಗಿಗೆ ಹಾಕಬೇಕು, ಮತ್ತೆ ಉಳಿದ ಪ್ರತಿಗಳನ್ನೆಲ್ಲ ಹುಬ್ಬಳ್ಳಿಯಿಂದ ತರಿಸಿ ಹೀಗೇ ತಿದ್ದಬೇಕು ಎಂದರು. ಎಷ್ಟು ಪ್ರತಿ ಎಂದು ನಾನು ಕೇಳಲಿಲ್ಲ. ಹೀನಾಳನ್ನು ಕರೆದು ಇನ್ನೊಂದು ಪೆನ್ನಿದ್ದರೆ ಕೊಡವ್ವಾ ಎಂದೆ.